ಪುಸ್ತಕದ ನಾಯಿ, ಬೀದಿಯ ನಾಯಿ

ಹಂಪಸಾಗರ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆ ಹಾಗೂ ಲಸಿಕೆಯ ನಂತರ ಅವನ್ನು ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿತು. ಚರ್ಚೆಯೆಲ್ಲ ದೆಹಲಿ, ಬೆಂಗಳೂರುಗಳ ಸುತ್ತಲೇ ನಡೆಯಿತು. ಆದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದಂಥ ಊರಿನ ಶಾಲಾ ಅಂಗಳಕ್ಕೂ ಆ ಆದೇಶ ಅನ್ವಯಿಸುವಂಥದ್ದು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ನಾಯಿಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಹೆಗಲಿಗೇರಿಸಿವೆ; ಪಂಚಾಯಿತಿಗಳೂ ಅದರಿಂದ ಹೊರತಲ್ಲ. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳ ಸಂಖ್ಯೆ 2023ರ ಸಮೀಕ್ಷೆಯಲ್ಲಿ 2.79 ಲಕ್ಷಕ್ಕಿಳಿದಿತ್ತು. ಪಶುವೈದ್ಯರು, ವಾಹನ, ಅನುದಾನ ಎಲ್ಲವೂ ಇದ್ದ ಮಹಾನಗರದ ನಾಲ್ಕು ವರ್ಷಗಳ ಸಾಧನೆ ಇಷ್ಟು. ನೀರು, ಬೀದಿದೀಪಗಳ ಖರ್ಚಿಗೇ ಲೆಕ್ಕ ಹಾಕುವ ಗ್ರಾಮ ಪಂಚಾಯಿತಿ ಆಶ್ರಯತಾಣವನ್ನು ಎಲ್ಲಿಂದ ತಂದೀತು?

ಆ ವ್ಯವಸ್ಥೆ ಬರುವತನಕ ಮಗುವಿನ ರಕ್ಷಣೆ ಮಗುವಿನ ತಿಳಿವಳಿಕೆಯನ್ನೇ ಅವಲಂಬಿಸಿದೆ. ಕನ್ನಡ ಸಾಹಿತ್ಯ, ಕಲೆಗಳಿಗೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಗೆ ಹತ್ತನೆಯ ಶತಮಾನದಲ್ಲೇ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ಇದು. ತೇಜಸ್ವಿಯವರ 'ಕರ್ವಾಲೊ' ಓದಿದವರು ಕಿವಿಯನ್ನು ಮರೆಯಲಾರರು. ಮಕ್ಕಳ ಕತೆಯ ನಾಯಿಯೂ, ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ನಗುವ ನಾಯಿಯೂ ಅದೇ ನಂಬಿಗಸ್ತನ ವಂಶದವು. ಅದರಲ್ಲಿ ತಪ್ಪೇನಿಲ್ಲ. ಮರಿಗಳಿಗೆ ಹಾಲೂಡುತ್ತಿರುವ ತಾಯಿನಾಯಿಯ ಬಳಿ ಸುಳಿಯಬಾರದು, ಅಟ್ಟಿ ಬಂದರೆ ಓಡಬಾರದು, ಪರಚಿದರೂ ಮನೆಯಲ್ಲಿ ಹೇಳಬೇಕು ಎಂಬ ಮಾತು ಮಾತ್ರ ಆ ಕತೆಗಳಲ್ಲಿ, ಚಿತ್ರಗಳಲ್ಲಿ ಅಪರೂಪ.

ಕೊನೆಯ ಮಾತೇ ಪ್ರಾಣದ ಪ್ರಶ್ನೆ. ರೇಬೀಸ್ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಶೇ 40ರಷ್ಟು ಮಂದಿ 15 ವರ್ಷದೊಳಗಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೈಗುಳಕ್ಕೆ ಹೆದರಿ ಮಗು ಗಾಯ ಮುಚ್ಚಿಟ್ಟರೆ ರೋಗಲಕ್ಷಣ ಕಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಕೂಡಲೇ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ದರೆ ರೋಗ ತಡೆಯಬಹುದು. ಚರ್ಮದೊಳಗೆ ನೀಡುವ ಲಸಿಕೆಗೆ ಮೊದಲ ದಿನವೂ ಸೇರಿ ನಾಲ್ಕು ಬಾರಿ ಹೋಗಬೇಕು. ಕೊನೆಯದು 28ನೆಯ ದಿನ. ದಿನಗೂಲಿಯ ತಾಯಿಗೆ ಅದು ನಾಲ್ಕು ದಿನಗಳ ಕೂಲಿಯ ಲೆಕ್ಕ.