ಏನು ಓದುತ್ತಿದ್ದೀರಿ ಎಂದು ಕೇಳಿ ನೋಡಿ

ಪರಿಚಯದವರು ಎದುರಾದರೆ ನಾವು ಮೊದಲು ಕೇಳುವುದು ‘ಊಟ ಆಯಿತೆ?’ ಎಂದು. ಆಮೇಲೆ ‘ಆರೋಗ್ಯ ಹೇಗಿದೆ?’ ಎನ್ನುತ್ತೇವೆ. ಈ ಎರಡನೆಯ ಪ್ರಶ್ನೆಗೆ ಹೆಚ್ಚಿನವರ ಉತ್ತರ ‘ಏನೋ, ನಡೀತಾ ಇದೆ’ ಎಂದಷ್ಟೇ. ಅದರಿಂದ ಅವರ ಆರೋಗ್ಯದ ವಿಷಯ ಏನೂ ತಿಳಿಯುವುದಿಲ್ಲ. ಓದುವ ಅಭ್ಯಾಸವಿರುವವರಿಗೆ ಮೂರನೆಯದೊಂದು ಪ್ರಶ್ನೆಯನ್ನೂ ಕೇಳಿ ಎಂಬುದು ನನ್ನ ಸಲಹೆ: ‘ಈಗ ಯಾವ ಪುಸ್ತಕ ಓದುತ್ತಿದ್ದೀರಿ?’ ಆರೋಗ್ಯದ ಅಂಕಣದಲ್ಲಿ ಇದೇಕೆ ಬಂತು ಎಂದು ನಿಮಗೆ ಅನ್ನಿಸಬಹುದು. ಹಾಗಾದರೆ ಈ ಪ್ರಸಂಗವನ್ನು ಕೇಳಿ.

ನಿವೃತ್ತ ಶಾಲಾ ಶಿಕ್ಷಕರೊಬ್ಬರನ್ನು ಅವರ ಸೊಸೆ ನನ್ನ ಬಳಿ ಕರೆತಂದಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ‘ಮಾವನವರು ಮೊದಲಿನಂತಿಲ್ಲ ಡಾಕ್ಟ್ರೇ. ಮಾತೇ ಆಡೋದಿಲ್ಲ. ರಾತ್ರಿ ನಿದ್ದೆ ಇಲ್ಲ. ಊಟಾನೂ ಅಷ್ಟಕ್ಕಷ್ಟೆ’ ಎಂದರು ಆಕೆ. ರಕ್ತದೊತ್ತಡ ನೋಡಿದೆ, ಎದೆ ಪರೀಕ್ಷಿಸಿದೆ. ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ. ಅವರು ದೊಡ್ಡ ಓದುಗರೆಂದು ನನಗೆ ಗೊತ್ತಿತ್ತು. ‘ಮೇಷ್ಟ್ರೇ, ಈಗ ಏನು ಓದ್ತಾ ಇದ್ದೀರಿ?’ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಓದೋದು ಬಿಟ್ಟು ಆರು ತಿಂಗಳಾಯ್ತು’ ಎಂದರು.

ಸೊಸೆ ಬೆರಗಾದರು. ‘ದಿನಾ ಬೆಳಿಗ್ಗೆ ಪುಸ್ತಕ ಹಿಡಿದು ಕೂತಿರ್ತೀರಲ್ಲ ಮಾವ?’

‘ಹಿಡಿದು ಕೂತಿರ್ತೀನಿ ಅಷ್ಟೆ ಕಣಮ್ಮ. ಅಕ್ಷರ ಎಲ್ಲ ಮಂಜು ಮಂಜು. ಇವತ್ತಿಗೂ ಅದೇ ಪುಟ.’

ಕಣ್ಣಿನ ವೈದ್ಯರ ಬಳಿ ಕಳಿಸಿದಾಗ ಎರಡೂ ಕಣ್ಣಿಗೆ ಪೊರೆ ಬಂದಿರುವುದು ತಿಳಿಯಿತು. ಆದರೆ ಸಂಗತಿ ಅಷ್ಟಕ್ಕೇ ಮುಗಿಯಲಿಲ್ಲ. ಪ್ರತಿ ಸಂಜೆ ವಾಚನಾಲಯದ ಜಗಲಿಯ ಮೇಲೆ ಅವರ ಜೊತೆ ಕೂತು, ಓದಿದ್ದನ್ನು ಹಂಚಿಕೊಳ್ಳುತ್ತಿದ್ದ ಗೆಳೆಯರೊಬ್ಬರು ಹಿಂದಿನ ವರ್ಷ ತೀರಿಕೊಂಡಿದ್ದರು. ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು, ಅಕ್ಷರ ಸ್ಪಷ್ಟವಾಯಿತು. ಆದರೂ ಮೇಷ್ಟ್ರು ಪುಸ್ತಕ ತೆರೆಯಲಿಲ್ಲ. ‘ಓದಿ ಯಾರಿಗೆ ಹೇಳಲಿ?’ ಎಂಬುದು ಅವರ ಪ್ರಶ್ನೆ.

ಓದುಗರೇ, ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಓದು ಒಬ್ಬರದೇ, ಮಾತು ಇಬ್ಬರದು

ಓದು ಏಕಾಂತದ ಕೆಲಸವೆಂದು ನಾವು ತಿಳಿದಿದ್ದೇವೆ. ನಮ್ಮ ಹಿರಿಯರ ಕಾಲದಲ್ಲಿ ಹಾಗಿರಲಿಲ್ಲ. ಗಮಕ ವಾಚನವನ್ನೇ ನೋಡಿ. ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸಿ ವ್ಯಾಖ್ಯಾನ ಮಾಡುವುದು, ಉಳಿದವರು ಸುತ್ತ ಕುಳಿತು ಕೇಳುವುದು. ಅಕ್ಷರ ಬಾರದ ಅಜ್ಜಿಗೂ ಅದರಲ್ಲಿ ಪಾಲಿತ್ತು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಓದುಗರಿಗೆ ತಲುಪಿಸಿದರು. ವಾರಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿದ್ದ ದಿನಗಳಲ್ಲಿ ಒಂದೇ ಪ್ರತಿ ನಾಲ್ಕು ಮನೆ ಸುತ್ತುತ್ತಿತ್ತು. ಮುಂದಿನ ಕಂತಿನಲ್ಲಿ ಏನಾದೀತು ಎಂಬುದು ನಲ್ಲಿಯ ಬಳಿ, ಹಿತ್ತಲ ಬೇಲಿಯ ಬಳಿ ನಡೆಯುತ್ತಿದ್ದ ಚರ್ಚೆ. ನೆರೆಹೊರೆಯವರಿಗೆ ಒಬ್ಬರ ಮೇಲೊಬ್ಬರಿಗೆ ಕಣ್ಣಿರುತ್ತಿತ್ತು, ಕಾಳಜಿಯೂ ಇರುತ್ತಿತ್ತು.

ಈಗ ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಮೊಬೈಲುಗಳಿವೆ. ಯಾರು ಏನು ಓದುತ್ತಿದ್ದಾರೆ, ಓದುತ್ತಿದ್ದಾರೋ ಇಲ್ಲವೋ, ಪಕ್ಕದಲ್ಲಿ ಕೂತವರಿಗೂ ತಿಳಿಯದು. ಬಂದ ಸಂದೇಶವನ್ನು ಹತ್ತು ಜನರಿಗೆ ರವಾನಿಸುವುದನ್ನೇ ಹಂಚಿಕೊಳ್ಳುವುದು ಎಂದುಕೊಂಡಿದ್ದೇವೆ. ರವಾನಿಸಲು ಓದಬೇಕಾಗಿಯೂ ಇಲ್ಲ. ‘ನಾನು ಈ ಪುಸ್ತಕ ಓದುತ್ತಿದ್ದೇನೆ, ಇಲ್ಲಿಯವರೆಗೆ ಬಂದಿದ್ದೇನೆ, ಈ ಭಾಗ ನನಗೆ ಹಿಡಿಸಲಿಲ್ಲ’ ಎಂದು ಎದುರು ಕೂತು ಹೇಳುವುದೇ ಬೇರೆ.

ಒಂಟಿತನದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ನೀಡಿದ ವರದಿಯ ಪ್ರಕಾರ ಪ್ರಪಂಚದಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ. ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಿಗೆ ಒಂಟಿತನದ ನಂಟಿದೆಯೆಂದು ಅದು ಅಂದಾಜು ಮಾಡಿದೆ. ಹೃದಯದ ಕಾಯಿಲೆ, ಪಾರ್ಶ್ವವಾಯು, ಖಿನ್ನತೆ, ಮರೆಗುಳಿತನ ಇವೆಲ್ಲವೂ ಒಂಟಿಯಾದವರಲ್ಲಿ ಹೆಚ್ಚು. ಒಂಟಿತನವೆಂದರೆ ಒಬ್ಬರೇ ಇರುವುದು ಎಂದೇನಲ್ಲ. ತುಂಬಿದ ಮನೆಯಲ್ಲೂ ಮನಸ್ಸಿನ ಮಾತಿಗೆ ಕಿವಿಗೊಡುವವರಿಲ್ಲದಿದ್ದರೆ ಅದು ಒಂಟಿತನವೇ. ನಮ್ಮ ಮೇಷ್ಟ್ರ ಮನೆಯಲ್ಲಿ ಐದು ಜನರಿದ್ದರು.

ವಯಸ್ಸಾದವರ ಜೊತೆ ನಾವು ಏನು ಮಾತಾಡುತ್ತೇವೆ? ‘ಮಾತ್ರೆ ತಗೊಂಡ್ರಾ? ಸಕ್ಕರೆ ಎಷ್ಟಿದೆ? ಮಂಡಿ ನೋವು ಹೇಗಿದೆ?’ ಇವು ಬೇಕು, ಇಲ್ಲವೆನ್ನುವುದಿಲ್ಲ. ಆದರೆ ದಿನವಿಡೀ ಇದೇ ಆದರೆ ಮನುಷ್ಯನಿಗೆ ತಾನೊಂದು ಕಾಯಿಲೆಯೆಂದೇ ಅನ್ನಿಸತೊಡಗುತ್ತದೆ. ಪುಸ್ತಕದ ಮಾತು ಆರಂಭವಾದಾಗ ಆತ ರೋಗಿಯಲ್ಲ. ಅಭಿಪ್ರಾಯವುಳ್ಳ, ಜಗಳಕ್ಕೂ ಸಿದ್ಧನಾದ ಮನುಷ್ಯ.

ನೆನಪಿಗೂ ವ್ಯಾಯಾಮ

ಓದಿದ್ದನ್ನು ಮತ್ತೊಬ್ಬರಿಗೆ ಹೇಳುವಾಗ ಮಿದುಳು ಏನು ಮಾಡುತ್ತದೆ? ಕಥೆಯ ಹೆಸರು, ಊರು, ಘಟನೆ, ಅವುಗಳ ಕ್ರಮ ಎಲ್ಲವನ್ನೂ ಹುಡುಕಿ ಹೊರತೆಗೆಯುತ್ತದೆ. ಅಮೆರಿಕದ ವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು. ಇನ್ನು ಕೆಲವರು ಪುಸ್ತಕ ನೋಡದೆ ಅದನ್ನು ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ನೆನಪಿಸಿಕೊಂಡವರು ಮುಂದಿದ್ದರು. ಓದಿದ್ದು ಉಳಿಯಬೇಕಾದರೆ ಅದನ್ನು ಹೇಳಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಮತ್ತೊಂದು ಅಧ್ಯಯನ ಪ್ರಕಟಿಸಿದರು. ಐವತ್ತು ದಾಟಿದ 3,635 ಜನರನ್ನು 12 ವರ್ಷಗಳ ಕಾಲ ಗಮನಿಸಿದಾಗ, ಪುಸ್ತಕ ಓದದವರಿಗಿಂತ ಓದುವವರಲ್ಲಿ ಸಾವಿನ ಸಂಭವ ಶೇಕಡಾ 20ರಷ್ಟು ಕಡಿಮೆ ಇತ್ತು. ಇದನ್ನು ಓದಿ ಪುಸ್ತಕದಂಗಡಿಗೆ ಓಡಬೇಡಿ. ಓದುವವರಲ್ಲಿ ವಿದ್ಯೆ, ಅನುಕೂಲ ಮೊದಲೇ ಹೆಚ್ಚಿರಬಹುದು. ಸಂಶೋಧಕರು ಅವನ್ನೆಲ್ಲ ಗಣನೆಗೆ ತೆಗೆದುಕೊಂಡಿದ್ದರೂ ಪುಸ್ತಕವೇ ಆಯುಷ್ಯ ಕೊಟ್ಟಿತೆಂದು ಖಚಿತವಾಗಿ ಹೇಳಲಾಗದು. ಓದಿನಿಂದ ಮರೆಗುಳಿತನ ವಾಸಿಯಾಗುತ್ತದೆಂದು ಯಾರಾದರೂ ಹೇಳಿದರೂ ನಂಬಬೇಡಿ.

ಓದು ನಿಂತರೆ ಕಾರಣ ಹುಡುಕಿ

ನನ್ನ ದೃಷ್ಟಿಯಲ್ಲಿ ಈ ಪ್ರಶ್ನೆಯ ದೊಡ್ಡ ಉಪಯೋಗ ಬೇರೆಯೇ ಇದೆ. ಮನೆಯವರು ಏನು ಓದುತ್ತಿದ್ದಾರೆಂದು ನಿಮಗೆ ತಿಳಿದಿದ್ದರೆ, ಅವರು ಓದುವುದನ್ನು ನಿಲ್ಲಿಸಿದ ದಿನವೂ ನಿಮಗೆ ತಿಳಿಯುತ್ತದೆ. ಓದುವ ಅಭ್ಯಾಸವಿದ್ದವರು ಇದ್ದಕ್ಕಿದ್ದಂತೆ ಪುಸ್ತಕ ಬದಿಗಿಟ್ಟರೆ ‘ವಯಸ್ಸಾಯಿತು’ ಎಂದು ಸುಮ್ಮನಾಗಬೇಡಿ.

ಮೊದಲು ಕಣ್ಣು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಕಾಣದೆ ಪುಸ್ತಕವನ್ನು ದೂರ ಹಿಡಿಯುವುದು ಸಹಜ. ಚಾಳೀಸು ಹಾಕಿಕೊಂಡರೆ ಸರಿಹೋಗುತ್ತದೆ. ವಯಸ್ಸಾದಂತೆ ಪೊರೆ ಬರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಕಣ್ಣಿನ ಒಳಪದರ ಕೆಡಬಹುದು. ಆರಂಭದಲ್ಲಿ ಅದಕ್ಕೆ ಯಾವ ಸೂಚನೆಯೂ ಇರುವುದಿಲ್ಲ. ಆದ್ದರಿಂದ ಅವರು ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಎರಡನೆಯದು ಮನಸ್ಸು. ಇಷ್ಟವಾಗಿದ್ದ ಕೆಲಸದಲ್ಲಿ ಆಸಕ್ತಿ ಹೋಗುವುದು, ಗಮನ ನಿಲ್ಲದಿರುವುದು, ನಿದ್ದೆ ಕೆಡುವುದು ಖಿನ್ನತೆಯ ಮುಖ್ಯ ಲಕ್ಷಣಗಳು. ಇವು ಎರಡು ವಾರಕ್ಕೂ ಮೀರಿ ಉಳಿದರೆ ವೈದ್ಯರನ್ನು ಕಾಣಿ. ಖಿನ್ನತೆಗೆ ಚಿಕಿತ್ಸೆಯಿದೆ.

ಮೂರನೆಯದು ನೆನಪು. ಓದಿದ್ದನ್ನೇ ಮತ್ತೆ ಮತ್ತೆ ಹೊಸದೆಂಬಂತೆ ಓದುವುದು, ಕಥೆಯ ಎಳೆ ಹಿಡಿಯಲಾಗದಿರುವುದು ಕಂಡರೆ ತಪಾಸಣೆ ಅಗತ್ಯ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೂ ಬಿ-12 ಜೀವಸತ್ವ ಕಡಿಮೆಯಾದರೂ ಮಂಕು, ಮರೆವು ಬರಬಹುದು. ಮಾಂಸ ತಿನ್ನದವರಲ್ಲಿ ಬಿ-12 ಕೊರತೆ ಹೆಚ್ಚು. ರಕ್ತ ಪರೀಕ್ಷೆಯಿಂದ ಇವನ್ನು ಪತ್ತೆ ಮಾಡಬಹುದು, ಸರಿಪಡಿಸಲೂಬಹುದು.

ಹೇಳಲಾಗದ್ದನ್ನು ಹೇಳುವ ದಾರಿ

ಇನ್ನೊಂದು ಸಂಗತಿ. ಕೆಲವು ನೋವುಗಳನ್ನು ‘ನನಗೆ ಹೀಗಾಗಿದೆ’ ಎಂದು ಹೇಳುವುದು ಕಷ್ಟ. ‘ಆ ಕಾದಂಬರಿಯಲ್ಲಿ ಅವಳಿಗೆ ಹೀಗಾಗಿತ್ತು’ ಎನ್ನುವುದು ಸುಲಭ. ತ್ರಿವೇಣಿಯವರ ‘ಶರಪಂಜರ’ ನಿಮಗೆ ಗೊತ್ತಿರುತ್ತದೆ. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಚಲನಚಿತ್ರವಾಗಿ ತೆರೆಗೆ ತಂದರು. ಮನೋರೋಗದಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿ ಎಂದೇ ಕಾಣುತ್ತಾರೆ. ಕಾಯಿಲೆಗಿಂತ ಆ ನೋಟವೇ ಅವಳನ್ನು ಹೆಚ್ಚು ಇರಿಯುತ್ತದೆ.

ಬಾಣಂತಿಯೊಬ್ಬಳು ಅತ್ತೆಯ ಎದುರು ‘ನನಗೆ ಮಗುವನ್ನು ಕಂಡರೆ ಅಳು ಬರುತ್ತದೆ’ ಎನ್ನಲಾರಳು. ಆದರೆ ಇಬ್ಬರೂ ಈ ಕಾದಂಬರಿಯನ್ನು ಓದಿದ್ದರೆ ಕಾವೇರಿಯ ಬಗ್ಗೆ ಮಾತಾಡಬಲ್ಲರು. ಆ ಮಾತಿನ ನಡುವೆ ಬಾಣಂತಿಯ ಕಣ್ಣು ತುಂಬಿದರೆ ಅತ್ತೆಗೆ ಅರ್ಥವಾಗದೆ ಇರುತ್ತದೆಯೆ? ಹೆರಿಗೆಯಾದ ಮೊದಲ ದಿನಗಳಲ್ಲಿ ಮನಸ್ಸು ಭಾರವಾಗುವುದು ಸಾಮಾನ್ಯ. ಎರಡು ವಾರ ಕಳೆದರೂ ಅದು ಇಳಿಯದಿದ್ದರೆ ಚಿಕಿತ್ಸೆ ಬೇಕು. ಇಲ್ಲದ್ದನ್ನು ಕಂಡೆ, ಕೇಳಿದೆ ಎಂದರೆ, ತನಗೋ ಮಗುವಿಗೋ ಅಪಾಯ ಮಾಡಿಕೊಳ್ಳುವ ಮಾತಾಡಿದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು.

ಪುಸ್ತಕವನ್ನು ಚಿಕಿತ್ಸೆಯ ಜೊತೆಗೆ ಬಳಸುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 2013ರಿಂದ ಆಯ್ದ ಪುಸ್ತಕಗಳ ಪಟ್ಟಿಯೊಂದು ಜಾರಿಯಲ್ಲಿದೆ. ವೈದ್ಯರು ಸೂಚಿಸಿದ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯದಿಂದ ಎರವಲು ಪಡೆಯಬಹುದು. ನಮ್ಮಲ್ಲೂ 1965ರ ಗ್ರಂಥಾಲಯ ಕಾಯ್ದೆಯಿದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ನಾವೇ ಕಟ್ಟುತ್ತೇವೆ. ದುಡ್ಡು ಕೊಟ್ಟ ಮೇಲೆ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಬರಲು ಏನಡ್ಡಿ? ಅಷ್ಟು ದೂರ ನಡೆದಂತೆಯೂ ಆಯಿತು, ನಾಲ್ಕು ಜನರನ್ನು ಕಂಡಂತೆಯೂ ಆಯಿತು.

ಕೆಲವು ಎಚ್ಚರಿಕೆಗಳು

ಈ ಪ್ರಶ್ನೆ ಪರೀಕ್ಷೆಯಾಗಬಾರದು. ಮುಖ್ಯವಾಗಿ ಮಕ್ಕಳಿಗೆ ‘ಎಷ್ಟು ಪುಟ ಆಯ್ತು? ನೀತಿ ಏನು ಹೇಳು’ ಎಂದು ಪಾಠ ಒಪ್ಪಿಸುವಂತೆ ಕೇಳಿದರೆ ಓದಿನ ಮೇಲೇ ಜಿಗುಪ್ಸೆ ಬರುತ್ತದೆ. ಮೊದಲು ನೀವು ಓದುತ್ತಿರುವುದನ್ನು ಹೇಳಿ. ‘ನನಗಂತೂ ಈ ಪುಸ್ತಕ ಅರ್ಧಕ್ಕೇ ಬೇಜಾರಾಯ್ತು ಕಣೋ’ ಎಂದರೂ ಸರಿಯೆ. ಮಗು ತಾನಾಗಿ ಬಾಯಿ ಬಿಡುತ್ತದೆ.

ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಕೆಲವು ಪುಸ್ತಕಗಳು ಕೆಲವು ಕಾಲ ನಮ್ಮೊಬ್ಬರಿಗೇ ಇರಬೇಕು.

ಪುಸ್ತಕದಲ್ಲಿ ಓದಿದ ಔಷಧಿಯನ್ನು ಹಂಚಬೇಡಿ. ‘ಈ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮಾತ್ರೆ ಬೇಕಿಲ್ಲ ಎಂದು ಬರೆದಿದೆ’ ಎಂಬ ಮಾತು ಕೇಳಿ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದವರನ್ನು ನಾನು ಕಂಡಿದ್ದೇನೆ. ಕಥೆ ಹಂಚಿಕೊಳ್ಳಿ, ಕವಿತೆ ಹಂಚಿಕೊಳ್ಳಿ. ಔಷಧಿಯನ್ನು ವೈದ್ಯರಿಗೆ ಬಿಡಿ.

ಕಣ್ಣು ಹೋದವರು, ಓದಲು ಬಾರದವರು ಇದರಿಂದ ಹೊರಗಿಲ್ಲ. ದಿನಕ್ಕೆ ಹತ್ತು ನಿಮಿಷ ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಕಿವಿ ಮಂದವಾಗಿದ್ದರೆ ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಮಾತು ಕೇಳಿಸದವರು ಮಾತಿನಿಂದಲೇ ದೂರ ಸರಿಯುತ್ತಾರೆ.

ಮೇಷ್ಟ್ರ ವಿಷಯಕ್ಕೆ ಬರೋಣ. ಎಂಟನೆಯ ತರಗತಿಯ ಮೊಮ್ಮಗಳಿಗೆ ಒಂದು ಕೆಲಸ ಒಪ್ಪಿಸಿದೆ. ದಿನಾ ರಾತ್ರಿ ಊಟದ ಹೊತ್ತಿಗೆ ತಾನು ಓದಿದ್ದನ್ನು ತಾತನಿಗೆ ಹೇಳಬೇಕು, ತಾತ ಓದಿದ್ದನ್ನು ಕೇಳಬೇಕು. ಮೊದಲ ವಾರ ಅವಳೊಬ್ಬಳದೇ ಮಾತು. ಅವಳು ಓದುತ್ತಿದ್ದುದು ಪತ್ತೇದಾರಿ ಕಥೆ. ಎರಡನೆಯ ವಾರ ತಾತ, ‘ಕಳ್ಳ ಅವನಲ್ಲ ಕಣೇ, ಆ ಪುಸ್ತಕ ಇಲ್ಲಿ ಕೊಡು’ ಎಂದರಂತೆ.

ಪವಾಡವೇನೂ ಆಗಲಿಲ್ಲ. ರಕ್ತದೊತ್ತಡದ ಮಾತ್ರೆ ಮುಂದುವರಿದಿದೆ. ಗೆಳೆಯರು ಇಲ್ಲದ ಕೊರತೆ ಹಾಗೆಯೇ ಇದೆ, ಅದು ತುಂಬುವಂಥದೂ ಅಲ್ಲ. ಆದರೆ ನಿದ್ದೆ ಮೊದಲಿಗಿಂತ ಮೇಲು. ಕಳೆದ ಬಾರಿ ತಪಾಸಣೆಗೆ ಬಂದಾಗ ನಾನು ಬಾಯಿ ತೆರೆಯುವ ಮುನ್ನ ಅವರೇ ಕೇಳಿದರು: ‘ಡಾಕ್ಟ್ರೇ, ನೀವು ಈಗ ಏನು ಓದ್ತಾ ಇದ್ದೀರಿ?’

ನನ್ನ ಬಳಿ ಉತ್ತರವಿರಲಿಲ್ಲ. ಆ ಸಂಜೆಯೇ ಒಂದು ಪುಸ್ತಕ ತೆರೆದೆ. ನೀವೂ ಈ ಪತ್ರಿಕೆಯನ್ನು ಮಡಿಸಿಟ್ಟ ಮೇಲೆ ಮನೆಯಲ್ಲಿ ಯಾರಾದರೊಬ್ಬರನ್ನು ಕೇಳಿ. ಉತ್ತರ ಬರಲು ತಡವಾದರೆ ಸ್ವಲ್ಪ ಹೊತ್ತು ಅವರ ಪಕ್ಕದಲ್ಲೇ ಕುಳಿತಿರಿ.