ಪರ್ಮನೆಂಟ್ ಅಂತ ಬರದ ಮಾತ್ರಕ್ಕ

ನಮ್ಮ ಪಡಸಾಲ್ಯಾಗ ಟೀವಿ ಮ್ಯಾಲೆ ಒಂದು ಬ್ಯಾಟ್ ತೂಗ ಹಾಕೇವಿ. ಮನಿಗೆ ಬಂದವ್ರು ಅದನ್ನ ನೋಡಿ, "ಇದನ್ಯಾಕ ಇಲ್ಲಿ ಹಾಕೀರಿ?" ಅಂತ ಕೇಳೇ ಕೇಳ್ತಾರ. ಕೇಳೂದು ಬರೋಬ್ಬರಿನ ಅದ. ಅದರ ಮ್ಯಾಲೆ ಈಗ ಏನೂ ಇಲ್ಲ. ನಡೂಕ ಒಂದು ಮಸಮಸಕು ಕರೇ ಕಲೆ ಅದ, ಅಷ್ಟ.

ಹುಬ್ಬಳ್ಳಿ ರಾಜನಗರ ಮೈದಾನದಾಗ ರಣಜಿ ಮ್ಯಾಚ್ ನಡದಾಗ ನನ್ನ ಮಗಾ ಎರಡು ದಿವಸ ಸಂಜೀತನಕ ಬೇಲಿ ಹಿಡಕೊಂಡು ನಿಂತಿದ್ದ. ಎರಡನೇ ದಿವಸ ಒಬ್ಬ ಆಟಗಾರರು ಬಸ್ಸಿಗೆ ಹೊಂಟವ್ರು ನಿಂತು ಇಂವನ ಬ್ಯಾಟ್ ಮ್ಯಾಲೆ ಸಹಿ ಹಾಕಿದ್ರು. ಅವತ್ತ ರಾತ್ರಿ ಅಂವ ಬ್ಯಾಟ್ ಬಾಜೂಕ ಇಟಗೊಂಡ ಮಲಗಿದ್ದ. ಪೆನ್ನು ಯಾವುದಂದ್ರ ಓಣಿ ಅಂಗಡ್ಯಾಗ ತಂದ ಪರ್ಮನೆಂಟ್ ಮಾರ್ಕರ್. ಹೆಸರ ಪರ್ಮನೆಂಟ್ ಅದಲ್ಲ, ಇನ್ನೇನ ಬೇಕು ಅಂತ ನಾವೂ ನಿಶ್ಚಿಂತಿ ಇದ್ವಿ.

ಮುಂದ 2020ರಾಗ ಕೊರೋನಾ ಬಂತು. ನಮ್ಮ ಅತ್ತಿಯವ್ರು ಹಾಲಿನ ಪಾಕೀಟ, ಬಾಗಲ ಚಿಲಕ, ಟೀವಿ ರಿಮೋಟ್ ಎಲ್ಲಾದಕ್ಕೂ ಸ್ಯಾನಿಟೈಸರ್ ಹಚ್ಚಿ ಹಚ್ಚಿ ಒರಸತಿದ್ರು. ಒಂದಿನ ಬ್ಯಾಟಿಗೂ ಪಾಳಿ ಬಂತು. ಒಂದ ಸಲಾ ಅರಿವಿ ಎಳದಿದ್ದ ತಡ, ಸಹಿ ಹೋಗಿ ಅರಿವಿಗೆ ಬಂತು. ಹುಡುಗ ಎರಡು ದಿವಸ ಅಜ್ಜಿ ಜೊತಿ ಮಾತಾಡಲಿಲ್ಲ. ಪಾಪ, ಅವ್ರು ಕೇಳಿದ್ದು ಒಂದ ಮಾತು: "ಪರ್ಮನೆಂಟ್ ಅಂದ್ರ ಹೋಗಬಾರದಲ್ಲೇನ?"

ಅವ್ರ ಪ್ರಶ್ನೆ ಖರೇನ ಇತ್ತು, ಉತ್ತರ ನಮಗ ಗೊತ್ತಿರಲಿಲ್ಲ. ಆಮ್ಯಾಲೆ ತಿಳಕೊಂಡೆ. ಆ ಮಾರ್ಕರ್ ಒಳಗ ಇರೂದು ಬಣ್ಣ, ಅಂಟಿಕೊಳ್ಳೂ ರಾಳ, ಅವೆರಡನ್ನೂ ಕರಗಿಸಿಡೂ ಆಲ್ಕೋಹಾಲ್. ಆಲ್ಕೋಹಾಲ್ ಹಾರಿ ಹೋದ ಮ್ಯಾಲೆ ನೀರಿಗೆ ಅದು ಜಗ್ಗಂಗಿಲ್ಲ. ಆದ್ರ ಹೊಳ್ಳಿ ಆಲ್ಕೋಹಾಲ್ ತಾಗಿದ್ರ ಹೊಳ್ಳಿ ಕರಗತದ. ಸ್ಯಾನಿಟೈಸರ್ ಅಂದ್ರ ಬಹುತೇಕ ಅದs ಅಲ್ಲೇನು? ಸಾಲದ್ದಕ್ಕ ನಮ್ಮ ಬ್ಯಾಟಿನ ಮುಖದ ಮ್ಯಾಲೆ ಪ್ಲಾಸ್ಟಿಕ್ ಹಾಳಿ ಅಂಟಿಸಿತ್ತು. ಬರೇ ಕಟಿಗಿ ಇದ್ದಿದ್ರ ಮಸಿ ಥೋಡೆ ಒಳಗರೆ ಇಳೀತಿತ್ತು, ಕಲಸಿದ್ರೂ ಪೂರ್ತಿ ಹೋಗತಿರಲಿಲ್ಲ.

ಹಂಗಾಗಿ ನನ್ನ ತಕರಾರು ಅತ್ತಿಯವ್ರ ಮ್ಯಾಲೆ ಅಲ್ಲ, ನಮ್ಮ ಮ್ಯಾಲೇನ ಅದ. ಟಿಕೇಟಿಗೆ ಓಡಾಡ್ತೇವಿ, ಬ್ಯಾಟಿಗೆ ಸಾವಿರಾರು ರೂಪಾಯಿ ಸುರೀತೇವಿ, ಬಿಸಲಾಗ ನಿಲ್ತೇವಿ. ಪೆನ್ನಿನ ವಿಚಾರ ಮಾತ್ರ ಆಟಗಾರ ಎದುರಿಗೆ ಬಂದಾಗ "ಯಾರ ಹತ್ರರೆ ಪೆನ್ ಅದ ಏನ್ರಿ?" ಅನ್ನೂ ಹೊತ್ತಿಗೆ ಬರ್ತದ. ಆವಾಗ ಸಿಗೂದು ಬಾಲ್‌ಪೆನ್ನು ಇಲ್ಲಾ ಜೆಲ್ ಪೆನ್ನು. ಬ್ಯಾಟಿನ ಕಟಿಗಿ ಮ್ಯಾಲೆ ಬಾಲ್‌ಪೆನ್ನು ಗೀರತದ, ಮಸಿ ಬಿಡಂಗಿಲ್ಲ. ಜೆಲ್ ಮಸಿ ಪ್ಲಾಸ್ಟಿಕ್ ಮ್ಯಾಲೆ ಲಗೂ ಆರಂಗಿಲ್ಲ, ಹೆಬ್ಬಟ್ಟ ತಾಗಿತೋ, ಸಹಿ ಹೋಗಿ ಹೆಬ್ಬಟ್ಟಿನ ಗುರ್ತ ಉಳೀತದ.

ಸಹಿಗಂತನ ತೊಗೊಳ್ಳೂ ಬ್ಯಾಟಾದ್ರ ಪ್ಲಾಸ್ಟಿಕ್ ಹಾಳಿ, ಎಣ್ಣಿ ಎರಡೂ ಇಲ್ಲದ್ದು ತೊಗೋರಿ. ಅಗಸಿ ಎಣ್ಣಿ ಹಚ್ಚಿದ ಕಟಿಗಿ ಮ್ಯಾಲೆ ಮಸಿ ಹಿಡ್ಯಂಗಿಲ್ಲ. ಸಹಿ ಆದ ಮ್ಯಾಲೆ ಎಣ್ಣಿ ಹಚ್ಚಿದ್ರ ಹರಡತದ. ಅಂಥಾ ಬ್ಯಾಟಿಗೆ ಸಣ್ಣ ಮೂತಿ ಕರೇ ಮಾರ್ಕರ್ ಛಲೋ. ದಪ್ಪ ಮೂತೀದು ಕಟಿಗಿ ಎಳಿ ಗುಂಟ ಹರದು ಹೋಗತದ. ಪಿಗ್ಮೆಂಟ್ ಮಸಿ ಅಂತ ಮ್ಯಾಲೆ ಬರದಿದ್ದು ಸಿಕ್ರ ಇನ್ನೂ ಛಲೋ. ಪಿಗ್ಮೆಂಟ್ ಅಂದ್ರ ಕರಗದ ಬಣ್ಣದ ಸಣ್ಣ ಪುಡಿ, ಬೆಳಕಿಗೆ ಲಗೂ ಮಾಸಂಗಿಲ್ಲ. ಸಾದಾ ಮಾರ್ಕರಿನ ಕಪ್ಪು, ವರ್ಷಗಟ್ಲೆ ಬಿಸಲ ಬಿದ್ದ್ರ, ನೇರಳಿ ಇಲ್ಲಾ ಕಂದು ಆಗಕೋತ ಹೋಗತದ.

ಕೆಂಪು ಚೆಂಡಿನ ಮ್ಯಾಲೆ ಕರೇ ಮಸಿ ಎದ್ದು ಕಾಣಂಗಿಲ್ಲ. ಅದಕ್ಕ ಬೆಳ್ಳಿ ಬಣ್ಣದ ಪೇಂಟ್ ಮಾರ್ಕರ್ ಬೇಕು. ಆದ್ರ ಇದರ ಒಂದು ಸೊಕ್ಕು ಹೇಳ್ತೇನಿ ಕೇಳ್ರಿ: ಮೊದಲು ಅಳ್ಳಾಡಿಸಬೇಕು, ಮೂತಿ ಒತ್ತಿ ಒತ್ತಿ ಬಣ್ಣ ಇಳಸಬೇಕು, ಚೂರು ಹಾಳಿ ಮ್ಯಾಲೆ ಗೀಚಿ ನೋಡಬೇಕು. ಇದನ್ನೆಲ್ಲಾ ಆಟಗಾರ ಬರೂಕಿಂತ ಮೊದಲs ಮಾಡಿಟಗೋಬೇಕು. ಅವ್ರು ನಿಮ್ಮ ಮುಂದ ನಿಲ್ಲೂದು ಮೂರು ಸೆಕೆಂಡ್. ಆವಾಗ ಪೆನ್ನು ಅಳ್ಳಾಡಿಸಕೋತ ನಿಂತ್ರ ಅವ್ರು ಮುಂದಿನ ಹುಡುಗನ ಹತ್ರ ಹೋಗಿಬಿಡ್ತಾರ. ಸಹಿ ಆದ ಮ್ಯಾಲೂ ಗಪ್ಪನ ಕಿಸೇಕ ಹಾಕಬ್ಯಾಡ್ರಿ, ಥೋಡೆ ಹೊತ್ತು ಹಂಗ ಹಿಡಕೊಂಡ ಅಡ್ಡಾಡ್ರಿ.

ಜರ್ಸಿ ಆದ್ರ ಒಳಗ ಒಂದು ರಟ್ಟು ತೂರಸ್ರಿ. ಇಲ್ಲಂದ್ರ ಅರಿವಿ ಪೆನ್ನಿನ ಜೋಡಿ ಎಳದಾಡತದ, ಮಸಿ ಬೆನ್ನಿನ ಪದರಕ್ಕೂ ಇಳೀತದ. ಫೋಟೋಕ್ಕ ಬಾಲ್‌ಪೆನ್ನು ಬ್ಯಾಡ, ಒತ್ತಿದ ಕುಳಿ ಹಿಂದ ಮೂಡತದ. ಕಾಗದಕ್ಕ ಮಾತ್ರ ಪಿಗ್ಮೆಂಟ್ ಮಸಿ ರೋಲರ್ ಪೆನ್ನು ಸಾಕು. ನಮ್ಮ ಗದಗಿನ ಸುನಿಲ್ ಜೋಶಿ 1999ರಾಗ ನೈರೋಬಿಯೊಳಗ ದಕ್ಷಿಣ ಆಫ್ರಿಕಾದ ಮ್ಯಾಲೆ 10 ಓವರಿಗೆ ಬರೇ 6 ರನ್ ಕೊಟ್ಟು 5 ವಿಕೆಟ್ ತಗದಿದ್ರಲ್ಲ, ಅಂಥಾ ಸ್ಕೋರ್‌ಕಾರ್ಡ್ ಮ್ಯಾಲೆ ಸಹಿ ಸಿಕ್ಕು, ಅದು ಜೆಲ್ ಪೆನ್ನಿನಿಂದ ಕಲಸಿ ಹೋದ್ರ ಹೊಟ್ಟಿ ಉರಿಯಂಗಿಲ್ಲೇನು?

ಅಳಸಲಾರದ ಮಸಿ ಅಂದ ಕೂಡ್ಲೆ ನಮ್ಮ ಮನಿಯವ್ರಿಗೆ ಮೈಸೂರಿನ ವೋಟಿನ ಮಸಿ ನೆನಪಾತು. 1962ರ ಚುನಾವಣಿಯಿಂದ ನಡಕೊಂಡ ಬಂದದ್ದು, ಅದರಾಗ ಸಿಲ್ವರ್ ನೈಟ್ರೇಟ್ ಇರ್ತದ. "ಅದರಾಗ ಸಹಿ ಹಾಕಸೋಣಲ್ಲ" ಅಂದ್ರು. ಅದು ಬಾಳೂದು ಬಳ್ಳ ಮ್ಯಾಲೆ, ಅದೂ ಹೊಸಾ ಉಗುರು ಬರೂತನಕ ಅಂತ ನಾ ಬಾಯಿ ಮುಚ್ಚಿಸಿದೆ.

ಆದ್ರ ಖರೇ ಜಗಳ ಆಗಿದ್ದು ಬ್ಯಾರೇದಕ್ಕ. ಒರಸಿದ ಜಾಗಾದಾಗ ಸಹಿಯ ಸಣ್ಣ ನೆರಳು ಉಳದಿತ್ತು, ಬೆಳಕಿಗೆ ವಾರಿ ಹಿಡದ್ರ ಮೊದಲ್ನೇ ಅಕ್ಷರದ ಬಾಲ ಕಾಣತಿತ್ತು. ಇವ್ರು ಒಂದಿನ ಹೊಸಾ ಮಾರ್ಕರ್ ತಂದು, "ಅದರ ಮ್ಯಾಲೇನ ತಿದ್ದಿಬಿಡ್ತೇನಿ, ಹುಡುಗಗ ಗೊತ್ತಾಗಂಗಿಲ್ಲ" ಅಂತ ಕೂತ್ರು. ನಾ ಪೆನ್ನು ಕಸಕೊಂಡೆ. ತಿದ್ದಿದ ಮ್ಯಾಲೆ ಅದು ಇವ್ರ ಅಕ್ಷರ ಆಗತದ ಹೊರತು ಆ ಆಟಗಾರರದ್ದಲ್ಲ. ನಾಳೆ ಮಗಾ ದೊಡ್ಡಂವ ಆಗಿ ಯಾರಿಗರೆ ತೋರಸಿದ್ರ, ಸುಳ್ಳು ಸಹಿ ಇಟಗೊಂಡಂವ ಅನಿಸಿಕೊಳ್ಳೂದು ಅಂವ. "ಅಂವಗ ಖುಷಿ ಆಗ್ಲಿ ಅಂತ" ಅಂದ್ರು ಇವ್ರು. ಖುಷಿ ಆಗತಿತ್ತು, ನನಗೂ ಗೊತ್ತದ. ಆದ್ರೂ ಕೊಡಲಿಲ್ಲ. ಎರಡು ದಿವಸ ಮನ್ಯಾಗ ಚಹಾ ಸೈತ ಗಪ್ಪನ ಕುಡದ್ವಿ.

ಕಡೀಕ ಹುಡುಗನ್ನs ಕೇಳಿದ್ವಿ. ಅಂವ ಬ್ಯಾಟ್ ತೊಗೊಂಡು ಖಿಡಕಿ ಹತ್ರ ಹೋಗಿ ಭಾಳ ಹೊತ್ತು ತಿರುಗಿಸಿ ನೋಡಿದ. "ಬಾಲ ಕಾಣ್ತದಲ್ಲಮ್ಮ, ಹಂಗ ಇರ್ಲಿ" ಅಂದ. ಬಿಸಲು ಬೀಳದ ಗ್ವಾಡಿ ಅಂತ ಟೀವಿ ಮ್ಯಾಲೆ ಮಳಿ ಹೊಡಿಸಿದ್ದು ಆವಾಗ. ಅತ್ತಿಯವ್ರು ಈಗ ಅದನ್ನ ಒಣಾ ಅರಿವಿಲೇನೂ ಮುಟ್ಟಂಗಿಲ್ಲ. ಧೂಳ ಕೂತಿರ್ತದ, ನಾನ ಊದತೇನಿ.