ಕೀಲಿಕೈ ಯಾರ ಬಳಿ? ರೈತನ ಮಾಹಿತಿ ಮತ್ತು ಪಾಸ್‌ವರ್ಡ್‌ನ ಪ್ರಶ್ನೆ

ಗದಗ ಜಿಲ್ಲೆಯ ನರಗುಂದ ತಾಲೂಕಿನ ಚಿಕ್ಕನರಗುಂದದಲ್ಲಿ ನಾಲ್ಕೆಕರೆ ಎರೆ ಹೊಲವಿರುವ ರೈತನೊಬ್ಬನ ಹೆಸರು ಇಂದು ಎಷ್ಟು ಗಣಕಯಂತ್ರಗಳಲ್ಲಿದೆ? ಪಹಣಿ ‘ಭೂಮಿ’ಯಲ್ಲಿದೆ. ಕೃಷಿ ಸವಲತ್ತುಗಳ ನೋಂದಣಿ ‘ಫ್ರೂಟ್ಸ್’ ತಂತ್ರಾಂಶದಲ್ಲಿದೆ. ಮನೆಮಂದಿಯ ವಿವರ ‘ಕುಟುಂಬ’ದಲ್ಲಿ, ಪಡಿತರದ ಲೆಕ್ಕ ಆಹಾರ ಇಲಾಖೆಯಲ್ಲಿ, ಬೆಳೆಸಾಲ ಪಡೆದಿದ್ದರೆ ಅದರ ಬಾಕಿ ಸಹಕಾರ ಸಂಘದಲ್ಲಿದೆ. ಈ ಎಲ್ಲವನ್ನೂ ತುಂಬಿಕೊಟ್ಟವನು ಅವನೇ. ಆದರೆ ಅದನ್ನು ಯಾರು ತೆರೆದು ನೋಡಬಲ್ಲರು, ಯಾರು ತಿದ್ದಬಲ್ಲರು ಎಂಬುದು ಮಾತ್ರ ಅವನಿಗೆ ತಿಳಿಯದು.

ದಾಖಲೆಯಲ್ಲಿ ಬರೆದ ಒಂದು ಸಾಲು ರೈತನ ಬದುಕನ್ನು ಹೇಗೆ ಅಲುಗಿಸಬಲ್ಲದು ಎಂಬುದನ್ನು ಈ ನೆಲಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1980ರ ಜುಲೈ 21ರ ನರಗುಂದ ರೈತ ಬಂಡಾಯದ ಹಿಂದೆ ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರ ಮತ್ತು ನೀರಿನ ಕರದ ಹೊರೆಯಿತ್ತು. ಕಾಗದದಲ್ಲಿ ನೀರಾವರಿ, ಹೊಲದಲ್ಲಿ ನೀರಿಲ್ಲ ಎಂಬುದು ಅಂದಿನ ಅಳಲು. ಈಗ ಕಾಗದದ ಸ್ಥಾನದಲ್ಲಿ ಗಣಕಯಂತ್ರ ಬಂದಿದೆ. ದಾಖಲೆಯ ಬಲ ಹೆಚ್ಚಿದೆಯೇ ಹೊರತು ಕುಗ್ಗಿಲ್ಲ.

ಕಪಾಟಿನಿಂದ ಸರ್ವರ್‌ಗೆ

ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಅಂಥ ಸಂಘಗಳ ಖಾತೆ ಪುಸ್ತಕ ಕಪಾಟಿನಲ್ಲಿರುತ್ತಿತ್ತು. ಅದನ್ನು ನೋಡಬೇಕೆಂದವನು ಕಚೇರಿಯ ಹೊಸ್ತಿಲು ದಾಟಿ, ನಾಲ್ಕು ಜನರ ಎದುರು ಕೇಳಬೇಕಿತ್ತು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂ. ವೆಚ್ಚದಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಬಗೆಯ ತಂತ್ರಾಂಶಕ್ಕೆ ತರುವ ಯೋಜನೆಗೆ ಒಪ್ಪಿಗೆ ನೀಡಿತು. ಲೆಕ್ಕ ಪಾರದರ್ಶಕವಾಗಲು ಇದು ಅಗತ್ಯವಾದ ಹೆಜ್ಜೆ. ಆದರೆ ಸರ್ವರ್‌ಗೆ ಹೊಸ್ತಿಲಿಲ್ಲ. ಅಲ್ಲಿ ಕಾವಲು ನಿಲ್ಲುವುದು ಒಂದೇ: ಸಂಸ್ಥೆಯ ಖಾತೆಯೊಳಗೆ ಯಾರು ಸದಸ್ಯರು, ಯಾರಿಗೆ ಎಷ್ಟು ಅಧಿಕಾರ ಎಂಬ ಪಟ್ಟಿ.

ಜಗತ್ತಿನಾದ್ಯಂತ ಬಳಕೆಯಲ್ಲಿರುವ ವಿಶ್ಲೇಷಣಾ ತಂತ್ರಾಂಶಗಳ ರಚನೆಯೂ ಇದೇ. ಗೂಗಲ್ ಅನಲಿಟಿಕ್ಸ್‌ನಲ್ಲಿ ಖಾತೆ ತೆರೆದ ಸಂಸ್ಥೆ ತನ್ನ ಸದಸ್ಯರಿಗೆ ಅಡ್ಮಿನಿಸ್ಟ್ರೇಟರ್, ಎಡಿಟರ್, ಮಾರ್ಕೆಟರ್, ಅನಲಿಸ್ಟ್, ವ್ಯೂವರ್ ಎಂಬ ಬೇರೆಬೇರೆ ಪಾತ್ರ ನೀಡಬಹುದು. ಬರೀ ನೋಡಬೇಕಾದವನಿಗೆ ತಿದ್ದುವ ಅಧಿಕಾರ ಬೇಕಿಲ್ಲ. ತಿದ್ದುವವನಿಗೆ ಹೊಸಬರನ್ನು ಸೇರಿಸುವ ಅಧಿಕಾರ ಬೇಕಿಲ್ಲ. ಬಳಕೆದಾರರ ವಿವರವನ್ನು ಎರಡು ತಿಂಗಳು ಇಡಬೇಕೇ, 14 ತಿಂಗಳು ಇಡಬೇಕೇ ಎಂಬುದನ್ನೂ ಸಂಸ್ಥೆಯೇ ತೀರ್ಮಾನಿಸಬಹುದು. ತಂತ್ರಾಂಶ ಇಷ್ಟೆಲ್ಲ ಅವಕಾಶ ಕೊಟ್ಟರೂ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಹಂಚಿದ ಕಚೇರಿಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

‘ಭೂಮಿ’ ಕಲಿಸಿದ ಪಾಠ

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2001ರ ವೇಳೆಗೆ ತಾಲೂಕು ಕಚೇರಿಗಳಿಗೆ ಬಂದಾಗ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶ ತೆರೆಯಬೇಕೆಂಬ ನಿಯಮ ಮಾಡಲಾಯಿತು. ಖಾತೆ ಬದಲಾವಣೆ ಯಾರ ಕೈಯಿಂದ ಆಯಿತು ಎಂಬುದನ್ನು ಆಮೇಲೆ ನಿರಾಕರಿಸಲಾಗದಂತೆ ಮಾಡುವುದು ಅದರ ಉದ್ದೇಶ. ಕಾಲು ಶತಮಾನದ ಹಿಂದೆಯೇ ರಾಜ್ಯ ಕಂಡುಕೊಂಡ ಸೂತ್ರವಿದು: ಪಾಸ್‌ವರ್ಡ್ ಎರವಲು ಕೊಡಬಹುದು, ಬೆರಳನ್ನು ಕೊಡಲಾಗದು.

ಆದರೆ ಬೆರಳಚ್ಚೇ ಬಯಲಾದರೆ? 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಮಾಯವಾದ ದೂರುಗಳು ಬೆಂಗಳೂರಿನಲ್ಲಿ ದಾಖಲಾದವು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚಿನ ಗುರುತೇ ವಂಚಕರಿಗೆ ದಾರಿಯಾದ ಶಂಕೆ ಎದ್ದ ಬಳಿಕ ಅವುಗಳನ್ನು ಮರೆಮಾಚುವ ಕ್ರಮ ಕೈಗೊಳ್ಳಲಾಯಿತು. ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಎಲ್ಲವೂ ಕಾಣಬೇಕಿಲ್ಲ ಎಂಬ ಸರಳ ಸಂಗತಿ ಹಾನಿಯ ನಂತರ ಹೊಳೆಯಿತು.

ಅದಕ್ಕೂ ಒಂದು ವರ್ಷ ಮೊದಲು, 2022ರ ನವೆಂಬರ್‌ನಲ್ಲಿ, ಬೆಂಗಳೂರಿನ ಮತದಾರರ ಮಾಹಿತಿ ಸಂಗ್ರಹದ ಪ್ರಕರಣ ಬೆಳಕಿಗೆ ಬಂತು. ಮತದಾರರ ಜಾಗೃತಿಗೆಂದು ಬಿಬಿಎಂಪಿ ಅನುಮತಿ ಪಡೆದಿದ್ದ ಚಿಲುಮೆ ಸಂಸ್ಥೆಯ ಕೆಲಸಗಾರರು ಮತಗಟ್ಟೆ ಅಧಿಕಾರಿಗಳ ಗುರುತಿನ ಚೀಟಿ ಧರಿಸಿ ಮನೆಮನೆಯ ವಿವರ ಪಡೆದರೆಂಬುದು ಆರೋಪ. ಅನುಮತಿ ರದ್ದಾಯಿತು, ಇಬ್ಬರು ಹಿರಿಯ ಅಧಿಕಾರಿಗಳ ಅಮಾನತಿಗೆ ಚುನಾವಣಾ ಆಯೋಗ ಸೂಚಿಸಿತು. ಬೀಗ ಮುರಿದು ಒಳನುಗ್ಗಿದರೆಂಬ ಆರೋಪ ಇಲ್ಲಿರಲಿಲ್ಲ. ಪ್ರಶ್ನೆಗೊಳಗಾದದ್ದು ಒಳಗಿನವರೆಂಬ ಗುರುತನ್ನು ಹೊರಗಿನವರಿಗೆ ಕೊಟ್ಟ ರೀತಿ.

ಕಾನೂನು ಬಂತು, ರೂಢಿ ಬದಲಾಗಬೇಕು

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಮಾಹಿತಿಗೆ ಪ್ರವೇಶ ಯಾರಿಗೆಂಬುದರ ನಿಯಂತ್ರಣ, ಯಾರು ನೋಡಿದರೆಂಬ ದಾಖಲೆಯನ್ನು ಒಂದು ವರ್ಷ ಕಾಯ್ದಿಡುವುದು, ಸೋರಿಕೆಯಾದರೆ ಬಾಧಿತರಿಗೆ ತಿಳಿಸುವುದು ಇವು ಅದರಲ್ಲಿ ಸೇರಿವೆ. ರಕ್ಷಣೆಯಲ್ಲಿ ಲೋಪವಾದರೆ 250 ಕೋಟಿ ರೂ.ವರೆಗೆ ದಂಡವುಂಟು. ಆದರೆ ಮುಖ್ಯ ಬಾಧ್ಯತೆಗಳು ಜಾರಿಯಾಗಲು ನಿಯಮಗಳೇ 18 ತಿಂಗಳ ಕಾಲಾವಕಾಶ ನೀಡಿವೆ.

ಸವಲತ್ತು ವಿತರಣೆಗಾಗಿ ಮಾಹಿತಿ ಬಳಸುವಾಗ ಸರ್ಕಾರ ಪ್ರತಿ ಬಾರಿಯೂ ಪ್ರಜೆಯ ಒಪ್ಪಿಗೆ ಕೇಳಬೇಕಿಲ್ಲ ಎಂಬುದನ್ನೂ ಗಮನಿಸಬೇಕು. ನಗರದ ಗ್ರಾಹಕ ಬೇಡವಾದ ಆ್ಯಪ್ ಅಳಿಸಬಹುದು. ಬೆಳೆ ಪರಿಹಾರ ಬೇಕಾದ ರೈತನಿಗೆ ಆ ಆಯ್ಕೆ ಇಲ್ಲ. ಹಾಗಾಗಿ ಕಚೇರಿಯೊಳಗಿನ ಶಿಸ್ತೇ ಅವನಿಗಿರುವ ಮುಖ್ಯ ರಕ್ಷಣೆ.

ಇನ್ನೊಂದು ಅಪಾಯವೂ ಇದೆ. ಇದೇ ಕಾಯ್ದೆಯ ಮೂಲಕ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ತಿದ್ದುಪಡಿಯಾಗಿ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವುದು ಹಿಂದಿಗಿಂತ ಸುಲಭವಾಗಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ನೀಡಬಹುದೆಂಬ 8(2) ಉಳಿದಿದೆಯಾದರೂ, ಪರಿಹಾರದ ಪಟ್ಟಿಯಲ್ಲಿ ಅನರ್ಹರ ಹೆಸರು ಹೇಗೆ ಸೇರಿತೆಂದು ಕೇಳಿದವನಿಗೆ ‘ಖಾಸಗಿತನ’ದ ಪರದೆ ಎಳೆಯುವ ಸಾಧ್ಯತೆ ಇದೆ. ರೈತನ ಆಧಾರ್ ಸಂಖ್ಯೆ ಬಯಲಾಗಿ, ಅಧಿಕಾರಿಯ ತೀರ್ಮಾನ ಗುಟ್ಟಾಗಿ ಉಳಿದರೆ ಕಾನೂನು ತಲೆಕೆಳಗಾದಂತೆ.

ಇದಕ್ಕೆ ಪರಿಹಾರ ದುಬಾರಿಯದ್ದೇನಲ್ಲ. ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ಪ್ರವೇಶ ವ್ಯಕ್ತಿಯ ಹೆಸರಿನಲ್ಲಿರಲಿ. ಕಾರ್ಯದರ್ಶಿ ವರ್ಗವಾದ ದಿನವೇ ಅವರ ಪ್ರವೇಶವೂ ಮುಗಿಯಲಿ. ಆಪರೇಟರ್ ಸಾಹೇಬರ ಪಾಸ್‌ವರ್ಡ್‌ನಲ್ಲಿ ಕೆಲಸ ಮಾಡುವ ರೂಢಿ ನಿಲ್ಲಲಿ. ಯಾವ ಯಾವ ಹುದ್ದೆಯವರು ಏನೇನು ನೋಡಬಲ್ಲರು ಎಂಬ ಪಟ್ಟಿಯನ್ನು ಪಂಚಾಯಿತಿ, ಸಂಘಗಳ ಸೂಚನಾ ಫಲಕದಲ್ಲಿ ಕನ್ನಡದಲ್ಲಿ ತೂಗುಹಾಕಲಿ. ವರ್ಷಕ್ಕೊಮ್ಮೆ ಗ್ರಾಮಸಭೆ, ಸಂಘದ ವಾರ್ಷಿಕ ಮಹಾಸಭೆಗಳಲ್ಲಿ ಜಮಾಖರ್ಚಿನ ಜೊತೆಗೆ ಆ ಪಟ್ಟಿಯನ್ನೂ ಓದಲಿ. ತನ್ನ ಹೊಲದ ಲೆಕ್ಕದ ಕೀಲಿಕೈ ಯಾರ ಬಳಿ ಇದೆ ಎಂದು ಕೇಳುವ ಹಕ್ಕು ಚಿಕ್ಕನರಗುಂದದ ರೈತನಿಗಿದೆ. ಕೇಳಿದಾಗ ಒಬ್ಬರ ಹೆಸರಾದರೂ ಹೇಳಲು ಕಚೇರಿಗೆ ಸಾಧ್ಯವಾಗಬೇಕು.